ಕೀರಲುವ ಬೆಲ್ಟು, ನರಳುವ ಸ್ಟೀರಿಂಗು

ಜನವರಿಯಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಬೆಳಕು ಹರಿಯುವಾಗ ಎಂಟು ಗಂಟೆ. ಗ್ರ್ಯಾಂಡ್ ರಿವರ್ ಅವೆನ್ಯೂ ಪಕ್ಕದ ಈ ಗ್ಯಾರೇಜಿನ ಷಟರ್ ಅದಕ್ಕೂ ಮೊದಲೇ, ಕತ್ತಲಲ್ಲೇ ಮೇಲೇಳುತ್ತದೆ. ಒಳಗೆ ಎರಡೇ ಗಾಡಿ ಹಿಡಿಯುವಷ್ಟು ಜಾಗ. ಮೂಲೆಯಲ್ಲಿ ಗ್ಯಾಸ್ ಹೀಟರ್ ಒಂದೇ ಸಮನೆ ಬುಸುಗುಡುತ್ತಿರುತ್ತದೆ. ಸಿಮೆಂಟು ನೆಲ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದೆ. ಗೋಡೆಯ ಮೊಳೆಗಳಿಗೆ ಹೊಸ ಬೆಲ್ಟುಗಳು ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿವೆ. ಹೊರಗೆ ಹಿಮ ತಳ್ಳಿ ಗುಡ್ಡೆ ಹಾಕಿದ್ದಾರೆ, ಅದರ ಬುಡವೆಲ್ಲ ಉಪ್ಪು ಬೆರೆತು ಬೂದು ಬಣ್ಣ.

ಯಜಮಾನರು ಲೆಬನಾನ್ ಮೂಲದವರು. ಬೆಳೆದದ್ದು ಇಲ್ಲೇ ಹತ್ತಿರದ ಡಿಯರ್‌ಬಾರ್ನ್‌ನಲ್ಲಿ, ಫೋರ್ಡ್ ಕಂಪನಿಯ ಊರಿನಲ್ಲಿ. ಗಾಡಿಯಲ್ಲಿ ಶಬ್ದ ಬರುತ್ತಿದೆ ಎಂದು ಯಾರಾದರೂ ಬಂದರೆ ಅವರು ಮೊದಲು ಬಾನೆಟ್ ಎತ್ತುವುದಿಲ್ಲ. ಕೀ ಇಸಿದುಕೊಂಡು, ‘ರಾತ್ರಿ ಇಲ್ಲೇ ಬಿಟ್ಟುಹೋಗಿ’ ಎನ್ನುತ್ತಾರೆ. ಇಪ್ಪತ್ತು ನಿಮಿಷ ಓಡಿಸಿಕೊಂಡು ಬಂದ ಗಾಡಿಯ ಎಂಜಿನ್ ಬಿಸಿಯಾಗಿರುತ್ತದೆ, ಬೆಲ್ಟ್ ಬಿಸಿಯಾಗಿರುತ್ತದೆ, ಸ್ಟೀರಿಂಗ್ ಆಯಿಲ್ ತೆಳುವಾಗಿರುತ್ತದೆ. ಮಾಲೀಕ ಹೇಳಿದ ಶಬ್ದ ಆಗ ಕೇಳುವುದೇ ಇಲ್ಲ. ರಾತ್ರಿಯಿಡೀ ಚಳಿಯಲ್ಲಿ ನಿಂತ ಗಾಡಿಯನ್ನು ಬೆಳಿಗ್ಗೆ ತಾವೇ ಮೊದಲ ಸಲ ಸ್ಟಾರ್ಟ್ ಮಾಡಬೇಕು, ಆ ಮೊದಲ ಅರ್ಧ ನಿಮಿಷವನ್ನು ತಾವೇ ಕೇಳಬೇಕು. ಇದು ಅವರ ನಿಯಮ. ಗಾಡಿ ರಿಪೇರಿಯಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ನಾನು ಕಂಡಿಲ್ಲ.

ಅಂದು ಹೊರಗೆ ನಿಂತಿದ್ದದ್ದು 2009ರ ಮಾಡೆಲ್ಲಿನ ಮಿನಿವ್ಯಾನ್, ನನ್ನ ಗೆಳೆಯನದು. ಒಂದೂ ಕಾಲು ಲಕ್ಷ ಮೈಲಿ ದಾಟಿದ ಗಾಡಿ. ಜಾರುಬಾಗಿಲು, ಮೂರು ಸಾಲು ಸೀಟು, ಮಧ್ಯದ ಸಾಲಿನಲ್ಲಿ ಮಗುವಿನ ಕಾರ್ ಸೀಟು. ಅಮೆರಿಕದ ಕನ್ನಡ ಕುಟುಂಬಗಳಿಗೆ ಮಿನಿವ್ಯಾನ್ ಹೊಸದೇನಲ್ಲ. ಊರಿಂದ ಅಪ್ಪ ಅಮ್ಮ ಬಂದರೆಂದರೆ ವಿಮಾನ ನಿಲ್ದಾಣಕ್ಕೆ ಹೋಗುವುದು ಅದೇ, ಕನ್ನಡ ಕೂಟದ ಸಂಕ್ರಾಂತಿ ಊಟಕ್ಕೆ ಪಾತ್ರೆ ಸಾಗಿಸುವುದು ಅದೇ, ಬೇಸಿಗೆಯಲ್ಲಿ ನಯಾಗರಾಕ್ಕೆ ಹೊರಡುವುದೂ ಅದೇ. ಹಾಗಾಗಿ ಅದು ಕೆಟ್ಟರೆ ಮನೆಯ ಓಡಾಟವೇ ನಿಲ್ಲುತ್ತದೆ.

ಈ ವಾಹನ ಹುಟ್ಟಿದ್ದೂ ಇದೇ ನೆಲದಲ್ಲಿ ಎನ್ನಬಹುದು. ಡೆಟ್ರಾಯಿಟ್ ನದಿಯ ಆಚೆ ದಡದಲ್ಲಿರುವ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ 1983ರ ನವೆಂಬರ್‌ನಲ್ಲಿ ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನ್ ಹೊರಬಂತು. ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಎರಡು ಹೆಸರಿನಲ್ಲಿ ಅದು ಮಾರಾಟವಾಯಿತು. ಅದರ ರೂವಾರಿ ಹಾಲ್ ಸ್ಪರ್ಲಿಕ್ ಫೋರ್ಡ್‌ನಲ್ಲಿದ್ದಾಗಲೇ ಇಂಥದ್ದೊಂದು ವಾಹನಕ್ಕಾಗಿ ವಾದಿಸಿದ್ದರು, ಅಲ್ಲಿ ನಡೆಯಲಿಲ್ಲ. ಲೀ ಐಯಕೋಕಾ ಕ್ರೈಸ್ಲರ್‌ನ ಚುಕ್ಕಾಣಿ ಹಿಡಿದಿದ್ದಾಗ ಅದು ನಿಜವಾಯಿತು. ಮನೆಯ ಗ್ಯಾರೇಜಿಗೆ ಹಿಡಿಸುವಷ್ಟು ಕುಳ್ಳು, ಒಳಗೆ ಏಳು ಜನ ಕೂರುವಷ್ಟು ವಿಶಾಲ. ಇದಕ್ಕಾಗಿ ಎಂಜಿನ್ನನ್ನು ಮೂತಿಯೊಳಗೆ ಅಡ್ಡಡ್ಡ ಕೂರಿಸಿ, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟರು. ನೆಲ ಸಪಾಟಾಯಿತು, ಒಳಗಿನ ಜಾಗ ಹೆಚ್ಚಿತು. ಆದರೆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿತ್ತು, ಬೆಲ್ಟು ಓಡುವ ಬದಿ ಎಂಜಿನ್ನಿನ ಪಕ್ಕಕ್ಕೆ ತಿರುಗಿ ಮಡ್‌ಗಾರ್ಡಿನ ಸಂದಿ ಸೇರಿತು. ಅಲ್ಲಿಗೆ ಕೈ ತೂರಿಸುವುದೇ ಒಂದು ಕೆಲಸ. ಮಿನಿವ್ಯಾನಿನ ಬೆಲ್ಟ್ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಜನರು ಬಹುಕಾಲ ತಪ್ಪಾಗಿ ಊಹಿಸುವುದಕ್ಕೆ ಈ ಇಕ್ಕಟ್ಟೂ ಒಂದು ಕಾರಣ.

ಗೆಳೆಯನ ದೂರು ಮೂರು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕಿವಿ ಸೀಳುವ ಕೀರಲು. ಸ್ಟೀರಿಂಗ್ ತಿರುಗಿಸಿದರೆ ಊಂಽಽ ಎಂಬ ನರಳಾಟ. ಪಾರ್ಕಿಂಗಿನಲ್ಲಿ ತಿರುಗಿಸುವಾಗ ಚಕ್ರ ಒಮ್ಮೊಮ್ಮೆ ಕೈಗೆ ಭಾರ. ಮನೆ ಹತ್ತಿರದ ಇನ್ನೊಂದು ಅಂಗಡಿಯಲ್ಲಿ ತಿಂಗಳ ಕೆಳಗೆ ಬೆಲ್ಟ್ ಬದಲಿಸಿದ್ದರು. ಎರಡು ವಾರ ಸುಮ್ಮನಿದ್ದ ಗಾಡಿ ಮತ್ತೆ ಕೂಗಲು ಶುರುಮಾಡಿತು. ಎರಡನೇ ಸಲ ಹೋದಾಗ, ಪವರ್ ಸ್ಟೀರಿಂಗ್ ಪಂಪೇ ಹೋಗಿದೆ, ಹೊಸದಕ್ಕೆ ಏಳುನೂರು ಡಾಲರ್ ಆಗುತ್ತದೆ ಎಂದರಂತೆ.

ಗೆಳೆಯನ ಜೊತೆ ಅವನ ತಂದೆಯೂ ಬಂದಿದ್ದರು. ಮೊಮ್ಮಗಳು ಹುಟ್ಟಿದ್ದರಿಂದ ಚಳಿಗಾಲವೆಂದೂ ನೋಡದೆ ಹಾಸನದಿಂದ ಬಂದವರು. ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಂಕಿ ಟೋಪಿ, ಅದರ ಮೇಲೊಂದು ಮಫ್ಲರ್, ಮಗನ ದಪ್ಪ ಜಾಕೆಟ್. ಗ್ಯಾರೇಜಿನೊಳಗೆ ಕಾಲಿಟ್ಟಾಗ ಅವರು ಮೊದಲು ಮಾಡಿದ್ದು ಮಫ್ಲರ್ ಬಿಚ್ಚಿ ಜೇಬಿಗೆ ತುರುಕಿದ್ದು. ತಿರುಗುವ ಬೆಲ್ಟಿನ ಹತ್ತಿರ ಮಫ್ಲರ್, ಸಡಿಲ ತೋಳು, ಬಿಚ್ಚಿದ ಕೂದಲು, ಕೈಗಡಗ ಯಾವುದೂ ಸುಳಿಯಬಾರದು. ಇದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಯಜಮಾನರು ಕೀ ತಿರುಗಿಸಿದರು. ಮೈನಸ್ ಹದಿನೈದು ಡಿಗ್ರಿಯ ಚಳಿಯಲ್ಲಿ ಎಂಜಿನ್ ಒಂದು ಗಳಿಗೆ ಒದ್ದಾಡಿ ಹತ್ತಿಕೊಂಡಿತು, ಹಿಂದೆಯೇ ಕೀರಲು. ಆರೇಳು ಸೆಕೆಂಡು ಜೋರಾಗಿ ಕೂಗಿ, ಮೆಲ್ಲಗೆ ಇಳಿದು, ನಿಂತಿತು. ಯಜಮಾನರು ಇಳಿಯಲಿಲ್ಲ. ಹೆಡ್‌ಲೈಟ್ ಹಾಕಿದರು, ಹಿಂದಿನ ಗಾಜಿನ ಹೀಟರ್ ಹಾಕಿದರು, ಫ್ಯಾನ್ ಪೂರ್ತಿ ತಿರುಗಿಸಿದರು. ಕೀರಲು ಮತ್ತೆ ಎದ್ದಿತು. ಎಲ್ಲ ಆಫ್ ಮಾಡಿ ಸ್ಟೀರಿಂಗನ್ನು ಎಡಗಡೆ ಕೊನೆಯವರೆಗೆ ಎಳೆದು ಒಂದೆರಡು ಸೆಕೆಂಡು ಹಿಡಿದರು. ಇನ್ನೂ ಜೋರಾಗಿ ಕೂಗಿತು. ಅದರ ಅಡಿಯಲ್ಲೇ ಇನ್ನೊಂದು ಸ್ವರ: ದಪ್ಪ, ತಗ್ಗಿದ, ಎಂಜಿನ್ ವೇಗಕ್ಕೆ ಸರಿಯಾಗಿ ಏರಿಳಿಯುವ ನರಳಾಟ.

‘ಎರಡು ಶಬ್ದ’ ಎಂದರು ಇಳಿದು ಬಂದು. ಗೆಳೆಯ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅವನ ತಂದೆ ಎರಡು ಬೆರಳೆತ್ತಿ ನನಗೆ ತೋರಿಸಿದ್ದರು.

ಸ್ಟಾರ್ಟ್ ಮಾಡಿದ ತಕ್ಷಣ ಏಕೆ ಕೂಗುತ್ತದೆ? ಚಳಿಯಲ್ಲಿ ಎಂಜಿನ್ ತಿರುಗಿಸಲು ಬ್ಯಾಟರಿ ಬಹಳಷ್ಟು ಖರ್ಚಾಗುತ್ತದೆ. ಅದನ್ನು ತುಂಬಲು ಆಲ್ಟರ್ನೇಟರ್ ಮೊದಲ ಕೆಲವು ಸೆಕೆಂಡು ಜೋರಾಗಿ ದುಡಿಯುತ್ತದೆ, ಅದರ ಪುಲ್ಲಿ ತಿರುಗಲು ಗಟ್ಟಿಯಾಗುತ್ತದೆ. ಬೆಲ್ಟಿಗೆ ಹಿಡಿತ ಸಾಲದಿದ್ದರೆ ಅದು ಪುಲ್ಲಿಯ ಮೇಲೆ ಜಾರುತ್ತದೆ. ಜಾರುವ ರಬ್ಬರಿನ ಕೂಗೇ ಆ ಕೀರಲು. ಸ್ಟೀರಿಂಗನ್ನು ಕೊನೆಗೆ ಎಳೆದಾಗಲೂ ಇದೇ ಕಥೆ. ಆಗ ಪಂಪಿನ ಒತ್ತಡ ಗರಿಷ್ಠ ಮಟ್ಟಕ್ಕೆ ಏರುತ್ತದೆ, ಪುಲ್ಲಿ ಗಟ್ಟಿಯಾಗುತ್ತದೆ, ಬೆಲ್ಟ್ ಜಾರುತ್ತದೆ. ಹೊರೆ ಹೆಚ್ಚಿದಾಗ ಹೆಚ್ಚುವ ಶಬ್ದ ಜಾರುವಿಕೆಯದು. ಹೊರೆ ಹಾಕಲಿ ಬಿಡಲಿ, ಚಿಕ್ ಚಿಕ್ ಚಿಕ್ ಎಂದು ತಾಳ ತಪ್ಪದೆ ಬರುವುದು ಸಾಮಾನ್ಯವಾಗಿ ಯಾವುದೋ ಪುಲ್ಲಿ ಸಾಲು ತಪ್ಪಿ ಕೂತಿದೆ ಎಂಬುದರ ಗುರುತು. ಗರಗರ ಎಂದು ಒಣಗಿದ ಸದ್ದಾದರೆ ಬೇರಿಂಗ್.

ಗಾಡಿ ಒಳಗೆ ಬಂತು. ಯಜಮಾನರು ಗಿಡಕ್ಕೆ ನೀರು ಚಿಮುಕಿಸುವಂಥ ಪ್ಲಾಸ್ಟಿಕ್ ಬಾಟಲಿ ತಂದರು. ಒಳಗೆ ಬರೀ ನೀರು. ಎಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಏಣುಗಳಿರುವ ಬದಿಗೆ ಎರಡು ಸಲ ಚಿಮುಕಿಸಿದರು. ನೀರು ಬಿದ್ದಾಗ ಶಬ್ದ ಅಡಗಿ, ಒಣಗಿದೊಡನೆ ಮರಳಿದರೆ ಪುಲ್ಲಿಗಳ ಸಾಲು ನೋಡಬೇಕು. ನೀರು ಬಿದ್ದು ಶಬ್ದ ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ ಎಂದರ್ಥ: ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರಬಹುದು, ಬೆಲ್ಟ್ ಸವೆದಿರಬಹುದು, ಅದಕ್ಕೇನಾದರೂ ಮೆತ್ತಿರಬಹುದು. ಇಲ್ಲಿ ಜೋರಾಯಿತು. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಮೊದಲ ಅಂಗಡಿಯವರು ಮಾಡಿದ್ದರೆ ಒಂದು ಬೆಲ್ಟಿನ ದುಡ್ಡು ಉಳಿಯುತ್ತಿತ್ತು. ಅಂಗಡಿಗಳಲ್ಲಿ ಇನ್ನೊಂದು ಡಬ್ಬಿ ಮಾರುತ್ತಾರೆ, ಬೆಲ್ಟಿಗೆ ಹೊಡೆಯುವ ಅಂಟು ಸ್ಪ್ರೇ. ಅದನ್ನು ಹೊಡೆದರೆ ಕೂಗು ಕೆಲವು ದಿನ ನಿಲ್ಲುತ್ತದೆ. ಆ ಅಂಟಿಗೆ ಧೂಳು ಹಿಡಿದು ಬೆಲ್ಟ್ ಹಾಳಾಗುತ್ತದೆ, ಮೂಲ ಕಾರಣ ಹಾಗೇ ಉಳಿಯುತ್ತದೆ. ಅದನ್ನು ಮುಟ್ಟಲೇಬಾರದು.

ಎಂಜಿನ್ ನಿಲ್ಲಿಸಿ, ಬಲಬದಿಯ ಮುಂದಿನ ಚಕ್ರ ಕಳಚಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದರು. ಈಗ ಬೆಲ್ಟು ಕಾಣಿಸಿತು. ಒಂದೇ ಬೆಲ್ಟು. ಕ್ರ್ಯಾಂಕ್ ಪುಲ್ಲಿಯಿಂದ ಹೊರಟು, ಆಲ್ಟರ್ನೇಟರ್ ಸುತ್ತಿ, ಎಸಿ ಕಂಪ್ರೆಸರ್ ಹಾದು, ಟೆನ್ಷನರಿಗೆ ಬೆನ್ನು ಕೊಟ್ಟು, ಮೇಲೇರಿ ಸ್ಟೀರಿಂಗ್ ಪಂಪನ್ನು ಬಳಸಿ ಮತ್ತೆ ಕೆಳಗಿಳಿಯುತ್ತದೆ. ಹಿಂದೆ ಒಂದೊಂದಕ್ಕೂ ಒಂದೊಂದು ವಿ ಬೆಲ್ಟ್ ಇರುತ್ತಿತ್ತು. ಎಲ್ಲವನ್ನೂ ಒಂದೇ ಚಪ್ಪಟೆ ಬೆಲ್ಟಿಗೆ ಕಟ್ಟಿದ ಪದ್ಧತಿ 1979ರ ಫೋರ್ಡ್ ಮಸ್ಟ್ಯಾಂಗ್‌ನಿಂದ ಬಂತು. ಜಾಗ ಉಳಿಯಿತು, ಬಿಗಿ ಮಾಡುವ ಕೆಲಸವನ್ನು ಸ್ಪ್ರಿಂಗ್ ಟೆನ್ಷನರ್ ವಹಿಸಿಕೊಂಡಿತು. ಆದರೆ ಒಂದು ಭಾಗದ ಕಾಯಿಲೆ ಈಗ ಎಲ್ಲ ಭಾಗಗಳಿಗೂ ತಗಲುತ್ತದೆ. ಬೆಲ್ಟ್ ತುಂಡಾದರೆ ಬ್ಯಾಟರಿಯ ಕೆಂಪು ದೀಪ ಹತ್ತುವುದೂ ಸ್ಟೀರಿಂಗ್ ಕಲ್ಲಾಗುವುದೂ ಒಂದೇ ಗಳಿಗೆಯಲ್ಲಿ. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಲ್ಲಿರುವ ಗಾಡಿಯಾದರೆ ಎಂಜಿನ್ ಬಿಸಿಯೇರಲು ಹೆಚ್ಚು ಹೊತ್ತು ಬೇಡ, ತಕ್ಷಣ ಪಕ್ಕಕ್ಕೆ ನಿಲ್ಲಿಸಬೇಕು. ಸ್ಟೀರಿಂಗ್ ಭಾರವಾದರೂ ಚಕ್ರಗಳ ಜೊತೆ ಅದರ ಕಬ್ಬಿಣದ ಸಂಬಂಧ ಕಡಿದುಹೋಗುವುದಿಲ್ಲ. ಎರಡೂ ಕೈ ಹಾಕಿ ಬಲವಾಗಿ ಎಳೆದರೆ ಗಾಡಿ ತಿರುಗುತ್ತದೆ. ಗಾಬರಿಯಾಗಬಾರದು.

ಯಜಮಾನರು ಟಾರ್ಚ್ ಹಿಡಿದರು. ಹೊಸ ಬೆಲ್ಟಿನ ಏಣುಗಳು ಮಂಕಾಗಿ, ಒಣಗಿ, ಒರಟಾಗಿರಬೇಕು. ಇದರದ್ದು ಮಿರಮಿರ ಮಿಂಚುತ್ತಿತ್ತು, ಅಂಚು ಉಬ್ಬಿತ್ತು. ಪ್ಲಾಸ್ಟಿಕ್ ಹೊದಿಕೆಯ ಒಳಮೈಯಲ್ಲಿ, ಸರಿಯಾಗಿ ಬೆಲ್ಟ್ ಓಡುವ ನೇರಕ್ಕೆ, ಎಣ್ಣೆಯ ಹನಿಗಳು ಸಾಲಾಗಿ ಸಿಡಿದು ಒಂದು ಗೆರೆಯೇ ಮೂಡಿತ್ತು. ಗೆಳೆಯನ ತಂದೆ ಬಗ್ಗಿ ತೋರುಬೆರಳಲ್ಲಿ ಒಂದು ಹನಿ ಒರೆಸಿ, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದರು.

‘ಎಂಜಿನ್ ಆಯಿಲ್ ಅಲ್ಲ ಕಣೋ ಇದು. ಆಗಿದ್ರೆ ಕಪ್ಪಗಿರೋದು. ಸ್ಟೀರಿಂಗ್ ಆಯಿಲ್ಲೇ.’

‘ಆದ್ರೆ ಅಪ್ಪ, ಬೆಲ್ಟ್ ಹೋದ ತಿಂಗಳು ತಾನೆ ಹೊಸದು ಹಾಕಿಸಿದ್ದು?’

‘ಹೊಸದಾದ್ರೇನಪ್ಪ? ಎಣ್ಣೆ ಬಿದ್ರೆ ಹೊಸದೂ ಜಾರುತ್ತೆ, ಹಳೇದೂ ಜಾರುತ್ತೆ. ಮೇಲೆಲ್ಲಿಂದ ಬೀಳ್ತಿದೆ ಅಂತ ನೋಡೋಕೆ ಹೇಳು ಅವರಿಗೆ.’

ಹೇಳುವ ಅಗತ್ಯ ಬೀಳಲಿಲ್ಲ. ಸೋರಿಕೆ ಹುಡುಕುವವರು ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತಿದೆ ಎಂದು ನೋಡುವುದಿಲ್ಲ, ಎಲ್ಲಿಂದ ಮೇಲೆ ಒದ್ದೆಯೇ ಇಲ್ಲ ಎಂದು ನೋಡುತ್ತಾರೆ. ಯಜಮಾನರ ಟಾರ್ಚಿನ ಬೆಳಕು ಬೆಲ್ಟಿನಿಂದ ಮೇಲೆ ಹತ್ತಿ, ಪಂಪಿನ ಹೊಟ್ಟೆ ದಾಟಿ, ಆಯಿಲ್ ಡಬ್ಬಿಯಿಂದ ಪಂಪಿಗೆ ಇಳಿಯುವ ಪೈಪಿನ ಬುಡದಲ್ಲಿ ನಿಂತಿತು. ಬುಡದ ಕೆಳಗೆಲ್ಲ ಎಣ್ಣೆಗೆ ಧೂಳು ಹತ್ತಿದ ಜಿಡ್ಡು. ಅದರ ಮೇಲೆ ಪೈಪು ಒಣಗಿತ್ತು.

ಆಮೇಲೆ ಅವರು ಆಯಿಲ್ ಡಬ್ಬಿಯ ಮುಚ್ಚಳ ತೆರೆದರು. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗೆ. ಎಂಜಿನ್ ಚಾಲೂ ಮಾಡಿ ಸ್ಟೀರಿಂಗ್ ಆಚೆ ಈಚೆ ಆಡಿಸಿದಾಗ ತಿಳಿಯಾಗಿರಬೇಕಾದ ಆಯಿಲ್ ಕಲಕಿ, ಬಣ್ಣ ಬಿಳಿಚಿ, ಲೋಟದಿಂದ ಲೋಟಕ್ಕೆ ಎತ್ತಿ ಸುರಿದ ಕಾಫಿಯ ಹಾಗೆ ನೊರೆ ಏರಿತು. ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ನರಳಾಟಕ್ಕೆ ಕಾರಣ ಆ ಡಬ್ಬಿಯಲ್ಲೇ ಕಣ್ಣಿಗೆ ಬಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲಿಯೇ. ಪವರ್ ಸ್ಟೀರಿಂಗ್ ಪಂಪಿನೊಳಗೆ ಒಂದು ಗಾಲಿ, ಆ ಗಾಲಿಯ ಸೀಳುಗಳಲ್ಲಿ ಒಳಹೊರಗೆ ಜಾರುವ ಚಿಕ್ಕ ಚಿಕ್ಕ ಲೋಹದ ಹಲಗೆಗಳು. ಅವು ಒಂದು ಬದಿಯಿಂದ ಆಯಿಲ್ ಹೀರಿ, ಇನ್ನೊಂದು ಬದಿಯಿಂದ ಒತ್ತಡದಲ್ಲಿ ತಳ್ಳುತ್ತವೆ. ಕಾರಿನ ಟೈರಿನಲ್ಲಿ ಇರುವುದು ಚದರ ಅಂಗುಲಕ್ಕೆ ಮೂವತ್ತು ಚಿಲ್ಲರೆ ಪೌಂಡ್ ಒತ್ತಡ. ಸ್ಟೀರಿಂಗ್ ಕೊನೆಗೆ ಎಳೆದಾಗ ಈ ಪಂಪಿನಿಂದ ಹೊರಡುವ ಹೋಸಿನಲ್ಲಿ ಅದು ಸಾವಿರ ಪೌಂಡ್ ದಾಟುತ್ತದೆ. ಆ ಆಯಿಲ್ ಸ್ಟೀರಿಂಗ್ ರ‍್ಯಾಕ್‌ನೊಳಗಿನ ಪಿಸ್ಟನ್ನನ್ನು ತಳ್ಳಿ ಚಕ್ರ ತಿರುಗಿಸಲು ಕೈಗೆ ನೆರವಾಗುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆಯಿಲಿನ ಜೊತೆ ಗಾಳಿ ಬೆರೆತರೆ ಪಂಪಿನೊಳಗೆ ಗುಳ್ಳೆಗಳು ಜಜ್ಜಿ ಒಡೆಯುತ್ತವೆ. ಹೊರಗೆ ಕೇಳುವ ನರಳಾಟ ಅದು. ಸಹಾಯ ಒಮ್ಮೆ ಬರುತ್ತದೆ, ಒಮ್ಮೆ ತಪ್ಪುತ್ತದೆ. ಕೈಗೆ ಭಾರವೆನಿಸುವುದು ಆಗ.

ಗಾಳಿ ಒಳಗೆ ಬರುವುದು ಎಲ್ಲಿಂದ? ಡಬ್ಬಿಯಿಂದ ಪಂಪಿಗೆ ಬರುವ ದಾರಿಯಲ್ಲಿ ಒತ್ತಡವಿಲ್ಲ, ಹೀರುವಿಕೆ ಇದೆ. ಆ ಪೈಪು ಪಂಪಿಗೆ ಸೇರುವ ಕಡೆ ಒಂದು ರಬ್ಬರ್ ಒ-ರಿಂಗ್ ಕೂತಿರುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಬಿಸಿ, ಮಿಷಿಗನ್ನಿನ ಚಳಿ ತಿಂದು ರಬ್ಬರು ಗಟ್ಟಿಯಾದರೆ ಸಂದಿ ಬಿಡುತ್ತದೆ. ಎಂಜಿನ್ ಓಡುವಾಗ ಆ ಸಂದಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ನಿಂತಾಗ, ಡಬ್ಬಿ ಎತ್ತರದಲ್ಲಿರುವುದರಿಂದ, ಅದೇ ಸಂದಿಯಿಂದ ಎಣ್ಣೆ ಹೊರಗೆ ಒಸರಿ ಕೆಳಗಿನ ಬೆಲ್ಟಿನ ಮೇಲೆ ಬೀಳುತ್ತದೆ. ಓಡುವಾಗ ಸೋರುವುದಿಲ್ಲವಾದ್ದರಿಂದ ಎಂಜಿನ್ ಚಾಲೂ ಇಟ್ಟು ಹುಡುಕುವವರಿಗೆ ಸೋರಿಕೆ ಸಿಗುವುದೇ ಇಲ್ಲ. ಬೆಲ್ಟಿನ ಕೀರಲು, ಪಂಪಿನ ನರಳಾಟ, ಕೈಗೆ ಭಾರ ಎಂಬ ಮೂರು ದೂರುಗಳ ಹಿಂದಿದ್ದದ್ದು ಈ ಒಂದೇ ಸಂದಿ.

ಉದ್ದ ಹಿಡಿಯ ಸ್ಪ್ಯಾನರಿನಿಂದ ಟೆನ್ಷನರನ್ನು ಹಿಂದಕ್ಕೆ ಒತ್ತಿ ಬೆಲ್ಟು ಕಳಚಿದರು. ಬೆಲ್ಟಿಲ್ಲದಾಗ ಪ್ರತಿ ಪುಲ್ಲಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಲು ಇದೇ ಸಮಯ. ಆಲ್ಟರ್ನೇಟರ್ ಸದ್ದಿಲ್ಲದೆ ತಿರುಗಿತು. ಪಂಪಿನ ಪುಲ್ಲಿ ಅಲುಗಾಟವಿಲ್ಲದೆ ಮೃದುವಾಗಿ ತಿರುಗಿತು, ಅಂದರೆ ಪಂಪಿನ ಬೇರಿಂಗ್ ಇನ್ನೂ ಚೆನ್ನಾಗಿದೆ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಮಾತ್ರ ಕರಕರ ಎಂದಿತು, ಒಳಗಿನ ಗ್ರೀಸ್ ಒಣಗಿತ್ತು. ಈ ಗಾಡಿಯಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನ ಕಡೆ ಇರುವುದರಿಂದ ಈ ಬೆಲ್ಟಿಲ್ಲದೆಯೂ ಎಂಜಿನ್ನನ್ನು ಕೆಲವು ಸೆಕೆಂಡು ಓಡಿಸಬಹುದು. ಓಡಿಸಿದರು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೂಗೆಲ್ಲ ಬೆಲ್ಟಿನ ಸುತ್ತಲಿನದೇ ಎಂದು ಖಾತ್ರಿಯಾಯಿತು.

ಬೆಲ್ಟ್ ಹಾಕಿಕೊಂಡೇ ಬೇರಿಂಗ್ ಶಬ್ದ ಹುಡುಕಬೇಕಾದಾಗ ಯಜಮಾನರು ಡಾಕ್ಟರುಗಳ ಸ್ಟೆತಾಸ್ಕೋಪಿನಂಥದ್ದೇ ಉಪಕರಣ ಬಳಸುತ್ತಾರೆ, ಅದರ ತುದಿಯಲ್ಲಿ ಉಕ್ಕಿನ ಕಡ್ಡಿ. ಹಾಸನದ ಡಿಪೋದಲ್ಲಿ ಅದೇ ಕೆಲಸಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಇತ್ತಂತೆ. ತುದಿಯನ್ನು ತಿರುಗದ ಭಾಗಕ್ಕೆ, ಆಲ್ಟರ್ನೇಟರಿನ ಮೈಗೋ ಬ್ರ್ಯಾಕೆಟಿಗೋ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ ಕೇಳುವುದು. ‘ನಮ್ಮಲ್ಲಿ ಡೈನಮೊ ಬೇರಿಂಗ್ ಹೋಗಿದ್ಯೋ ಫ್ಯಾನ್ ಬೇರಿಂಗ್ ಹೋಗಿದ್ಯೋ ಅಂತ ಕಣ್ಣು ಮುಚ್ಕೊಂಡು ಹೇಳೋರಿದ್ರು’ ಎಂದರು ಗೆಳೆಯನ ತಂದೆ. ಎಂಬತ್ತರ ದಶಕದಲ್ಲಿ ಅವರ ಕೈಯಲ್ಲಿ ಹಾದುಹೋದ ಬಸ್ಸುಗಳಿಗೆ ಪವರ್ ಸ್ಟೀರಿಂಗ್ ಇರಲಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಡ್ರೈವರುಗಳು ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಹಾಕಿ ಸ್ಟೀರಿಂಗ್ ಎಳೆಯುತ್ತಿದ್ದರು. ಸಂಜೆ ಡಿಪೋಗೆ ಬಂದವರ ಹೆಗಲು ಬಾತಿರುತ್ತಿತ್ತು.

ಆ ಕಷ್ಟ ಕಳೆಯಲು ನಡೆದ ಪ್ರಯತ್ನವೂ ಹಳೆಯದೇ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್ 1920ರ ದಶಕದಲ್ಲೇ ಪಿಯರ್ಸ್ ಆರೋ ಕಾರಿಗೆ ಎಣ್ಣೆಯ ಒತ್ತಡದ ಸ್ಟೀರಿಂಗ್ ಜೋಡಿಸಿ ಓಡಿಸಿ ತೋರಿಸಿದ್ದರು. ಮಾರಾಟದ ಕಾರಿನಲ್ಲಿ ಅದು ಬರಲು 1951ರ ಕ್ರೈಸ್ಲರ್ ಇಂಪೀರಿಯಲ್‌ವರೆಗೆ ಕಾಯಬೇಕಾಯಿತು. ಇಂದು ಅಂಗೈ ಒತ್ತಿ ಭಾರದ ವ್ಯಾನನ್ನು ತಿರುಗಿಸುವ ನಾವು ಆ ಪಂಪಿನ ಆಯಿಲನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡುವುದಿಲ್ಲ.

ಯಜಮಾನರು ಎರಡು ಸಣ್ಣ ಬೋಲ್ಟು ಬಿಚ್ಚಿ ಪೈಪನ್ನು ಪಂಪಿನಿಂದ ಬೇರ್ಪಡಿಸಿದರು. ಒಂದು ಕೊಕ್ಕೆಯಿಂದ ಹಳೆಯ ಒ-ರಿಂಗನ್ನು ಎಬ್ಬಿಸಿ ಬಿಳಿ ಕಾಗದದ ಟವೆಲ್ ಮೇಲಿಟ್ಟು ದೀಪದ ಕೆಳಗೆ ತಂದರು. ಬೆರಳಿನ ಉಂಗುರಕ್ಕಿಂತ ದೊಡ್ಡದೇನಲ್ಲ. ದುಂಡಗಿರಬೇಕಾದ ರಬ್ಬರು ಎರಡೂ ಕಡೆ ಚಪ್ಪಟೆಯಾಗಿ, ಅಂಚು ಚೌಕಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಮೂಡಲಿಲ್ಲ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದಾಗ ಟಕ್ ಎಂದು ಮುರಿಯಿತು. ಹೊಸದನ್ನು ಪಕ್ಕಕ್ಕಿಟ್ಟರು: ದುಂಡಗೆ, ಮೆತ್ತಗೆ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವಂಥದ್ದು. ಬೆಲೆ ಎರಡು ಮೂರು ಡಾಲರ್. ಏಳುನೂರು ಡಾಲರ್ ಪಂಪು ಹಾಕಿಸಿದ್ದರೆ ಅದರ ಜೊತೆ ಹೊಸ ಒ-ರಿಂಗೂ ಬಂದು ಶಬ್ದ ನಿಲ್ಲುತ್ತಿತ್ತು. ಪಂಪೇ ಹೋಗಿತ್ತು ಎಂದು ಎಲ್ಲರೂ ನಂಬುತ್ತಿದ್ದರು. ತಪ್ಪು ತೀರ್ಮಾನವೂ ಕೆಲವೊಮ್ಮೆ ಕೆಲಸ ಮಾಡಿಬಿಡುವುದರಿಂದ ಅದು ಬಯಲಾಗುವುದೇ ಇಲ್ಲ.

ಹೊಸ ಒ-ರಿಂಗನ್ನು ಆಯಿಲಿನಲ್ಲಿ ಅದ್ದಿ ಕೂರಿಸಿದರು. ಐಡ್ಲರ್ ಬದಲಾಯಿತು. ಪುಲ್ಲಿಗಳ ತಗ್ಗುಗಳಲ್ಲಿ ಕೂತ ಜಿಡ್ಡನ್ನು ಬ್ರೇಕ್ ಕ್ಲೀನರ್ ಹಾಕಿ ಬ್ರಷ್‌ನಿಂದ ಉಜ್ಜಿದರು. ಇದನ್ನು ಬಿಟ್ಟರೆ ಹೊಸ ಬೆಲ್ಟೂ ನಾಳೆಯೇ ಕೂಗುತ್ತದೆ. ಎಣ್ಣೆ ಕುಡಿದ ಬೆಲ್ಟನ್ನು ತೊಳೆದು ಬಳಸುವ ಮಾತೇ ಇಲ್ಲ, ಅದು ಕಸಕ್ಕೆ. ಬೆಲ್ಟಿನ ಬಗ್ಗೆ ಅವರು ಇನ್ನೊಂದು ಮಾತು ಹೇಳಿದರು. ಹಳೆಯ ಕಾಲದ ಬೆಲ್ಟುಗಳು ಹಳತಾದರೆ ಬಿರುಕು ಬಿಡುತ್ತಿದ್ದವು, ಕಣ್ಣಿಗೆ ಕಾಣುತ್ತಿತ್ತು. ಈಗಿನ ಇಪಿಡಿಎಂ ರಬ್ಬರು ಸುಲಭವಾಗಿ ಬಿರಿಯುವುದಿಲ್ಲ. ಏಣುಗಳ ನಡುವಿನ ತಗ್ಗು ಮೆಲ್ಲಗೆ ಸವೆದು ಅಗಲವಾಗುತ್ತದೆ. ನೋಡಲು ಚೆಂದವೇ ಇರುತ್ತದೆ, ಹಿಡಿತ ಇರುವುದಿಲ್ಲ. ಅದನ್ನು ಅಳೆಯಲೆಂದೇ ಬೆರಳುದ್ದದ ಪ್ಲಾಸ್ಟಿಕ್ ಗೇಜ್ ಸಿಗುತ್ತದೆ.

ಆಯಿಲ್ ತುಂಬುವ ಮೊದಲು ಮುಚ್ಚಳದ ಮೇಲಿನ ಬರಹ ಓದಿದರು. ಈ ಓದು ಮುಖ್ಯ. ಸ್ಟೀರಿಂಗಿಗೆಲ್ಲ ಒಂದೇ ಆಯಿಲ್ ಎಂಬುದು ಸುಳ್ಳು. ಟೊಯೊಟಾದ ಹಳೆಯ ಸಿಯೆನ್ನಾಗಳು ಗೇರಿನ ಆಯಿಲಾದ ಎಟಿಎಫ್ ಕೇಳುತ್ತವೆ. ಹೋಂಡಾ ತನ್ನದೇ ಸ್ಟೀರಿಂಗ್ ಆಯಿಲ್ ಬಿಟ್ಟು ಬೇರೆ ಹಾಕಬೇಡಿ ಎನ್ನುತ್ತದೆ. ತಪ್ಪು ಆಯಿಲ್ ಒಳಗಿನ ಸೀಲುಗಳನ್ನು ಕೆಡಿಸುತ್ತದೆ. ಆಮೇಲೆ ಒ-ರಿಂಗಿನ ಬೆಲೆಯಲ್ಲಿ ರಿಪೇರಿ ಮುಗಿಯುವುದಿಲ್ಲ.

ಗಾಳಿ ಬಿಡಿಸುವ ಕೆಲಸ ನಿಧಾನದ್ದು. ಮುಂದಿನ ಎರಡೂ ಚಕ್ರ ನೆಲಬಿಟ್ಟು ಮೇಲೆತ್ತಿ, ಎಂಜಿನ್ ಚಾಲೂ ಮಾಡದೆಯೇ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸುತ್ತ ಹೋದರು. ಗೆಳೆಯನ ತಂದೆ ಡಬ್ಬಿಯ ಬಳಿ ನಿಂತು ಗುಳ್ಳೆ ನೋಡುತ್ತಿದ್ದರು. ಗುಳ್ಳೆ ಎದ್ದಾಗ ಕೈ ಎತ್ತುವರು, ಯಜಮಾನರು ನಿಲ್ಲಿಸುವರು. ಮಟ್ಟ ಇಳಿದಾಗ ಆಯಿಲ್ ಸುರಿಯುವರು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಅದೇ ಕ್ರಮ. ಅವಸರಪಟ್ಟು ಎಂಜಿನ್ ಚಾಲೂ ಮಾಡಿದರೆ ಒಳಗಿನ ಗಾಳಿ ಕಡೆದು ನೊರೆಯಾಗುತ್ತದೆ, ಅದು ಇಳಿಯಲು ಗಂಟೆಗಟ್ಟಲೆ ಬೇಕು. ಕೊನೆಗೆ ಎಳೆದಾಗಲೂ ಅಲ್ಲೇ ಹಿಡಿದು ನಿಲ್ಲಬಾರದು. ಐದು ಸೆಕೆಂಡು ಮೀರಿದರೆ ಆಯಿಲ್ ಕಾದು ಪಂಪಿಗೆ ಪೆಟ್ಟು. ಪಾರ್ಕಿಂಗಿನಲ್ಲಿ ನಾವು ದಿನವೂ ಮಾಡುವ ತಪ್ಪಿದು.

ಸಂದಿ ಬಿಟ್ಟ ಒ-ರಿಂಗ್ ಒಂದೇ ಕಾರಣವೆಂದು ತಿಳಿಯಬೇಕಿಲ್ಲ. ಇಲ್ಲಿ ತುಕ್ಕೂ ಒಂದು ಕಾರಣ. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರಕ್ಕೂ ಹೆಚ್ಚು ಅಡಿ ಆಳದಲ್ಲಿ, ಉಪ್ಪಿನ ಗಣಿಯಿದೆ. ಅಲ್ಲಿ ಕಡಿದ ಉಪ್ಪು ಚಳಿಗಾಲದಲ್ಲಿ ರಸ್ತೆಗೆ ಬೀಳುತ್ತದೆ. ಹಿಮ ಕರಗುತ್ತದೆ, ಗಾಡಿಯ ಹೊಟ್ಟೆಗೆ ತುಕ್ಕು ಹಿಡಿಯುತ್ತದೆ. ಸ್ಟೀರಿಂಗ್ ಆಯಿಲಿನ ಕಬ್ಬಿಣದ ಪೈಪುಗಳು ಆ ತುಕ್ಕಿಗೆ ಸಿಕ್ಕಿ ತೂತು ಬೀಳುವುದು ಇಲ್ಲಿ ಮಾಮೂಲು. ಓಡುತ್ತಿರುವ ಎಂಜಿನ್ನಿನಲ್ಲಿ ಒತ್ತಡದ ಪೈಪಿನ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬಾರದು, ಚಿಮ್ಮುವ ಆಯಿಲ್ ಚರ್ಮ ಸೀಳಬಲ್ಲದು. ಒಂದೇ ಬದಿಗೆ ತಿರುಗಿಸುವಾಗ ಭಾರವೆನಿಸಿದರೆ ಪಂಪನ್ನು ಬಿಟ್ಟು ರ‍್ಯಾಕನ್ನು ಅನುಮಾನಿಸಬೇಕು. ರ‍್ಯಾಕಿನ ಎರಡು ತುದಿಯ ರಬ್ಬರ್ ಬೂಟಿನೊಳಗೆ ಆಯಿಲ್ ತುಂಬಿದ್ದರೆ ಒಳಗಿನ ಸೀಲು ಹೋಗಿದೆ. ಶಬ್ದವೇ ಇಲ್ಲದೆ ಸ್ಟೀರಿಂಗ್ ಭಾರವಾದರೆ ಮೊದಲು ಮುಂದಿನ ಟೈರುಗಳ ಗಾಳಿ ನೋಡಿ. ಕಡುಚಳಿಯ ಬೆಳಿಗ್ಗೆ ದಪ್ಪಗಾದ ಆಯಿಲಿನಿಂದ ಪಂಪು ಒಂದಿಷ್ಟು ಹೊತ್ತು ನರಳಿ ಸುಮ್ಮನಾದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನರಳಿದರೆ ತೋರಿಸಬೇಕು.

2017ರ ಕ್ರೈಸ್ಲರ್ ಪೆಸಿಫಿಕಾ, 2018ರ ಹೋಂಡಾ ಒಡಿಸಿಯಂಥ ಹೊಸ ವ್ಯಾನುಗಳ ಸ್ಟೀರಿಂಗ್ ವಿದ್ಯುತ್ ಮೋಟರಿನದು. ಪಂಪಿಲ್ಲ, ಹೋಸಿಲ್ಲ, ಆಯಿಲ್ ಡಬ್ಬಿಯಿಲ್ಲ. ಆದರೆ ಹಳೆಯ ವ್ಯಾನುಗಳು ಇನ್ನೂ ಲಕ್ಷಗಟ್ಟಲೆ ರಸ್ತೆಯಲ್ಲಿವೆ. ಹೊಸದಾಗಿ ಬಂದ ವಿದ್ಯಾರ್ಥಿಗಳು, ಮೊದಲ ಮಗುವಿನ ಸಂಭ್ರಮದಲ್ಲಿರುವ ದಂಪತಿ ಕೊಳ್ಳುವುದು ಅವನ್ನೇ, ಎರಡನೇ ಮೂರನೇ ಕೈಯಿಂದ.

ಮಧ್ಯಾಹ್ನದ ಹೊತ್ತಿಗೆ ಗಾಡಿ ಇಳಿಯಿತು. ಯಜಮಾನರು ಎಲ್ಲ ದೀಪ ಹಾಕಿ, ಫ್ಯಾನ್ ಹಾಕಿ, ಸ್ಟೀರಿಂಗನ್ನು ಎರಡೂ ಕೊನೆಗೆ ಎಳೆದು ತೋರಿಸಿದರು. ಕೊನೆಯಲ್ಲಿ ಸಣ್ಣ ಹಿಸ್ ಸದ್ದು ಬಂತು, ಅದು ಸಹಜ, ಒತ್ತಡದ ವಾಲ್ವ್ ತೆರೆದ ಸದ್ದು. ಕೀರಲಿಲ್ಲ, ನರಳಾಟವಿಲ್ಲ. ಬಿಲ್ಲಿನಲ್ಲಿ ಬೆಲ್ಟು, ಐಡ್ಲರ್, ಆಯಿಲ್, ಒ-ರಿಂಗ್, ಕೂಲಿ ಎಲ್ಲ ಸೇರಿಯೂ ಹೊಸ ಪಂಪಿನ ಅರ್ಧ ಬೆಲೆ ಆಗಿರಲಿಲ್ಲ. ಎರಡು ದಿನ ಬಿಟ್ಟು ಆಯಿಲ್ ಮಟ್ಟ ನೋಡಿ, ಪೈಪಿನ ಬುಡ ಒರೆಸಿ ಒದ್ದೆಯಾಗಿದೆಯೇ ನೋಡಿ ಎಂದು ಹೇಳಿ ಕಳಿಸಿದರು.

ಹಳೆಯ ಮಿನಿವ್ಯಾನ್ ಇಟ್ಟುಕೊಂಡವರಲ್ಲಿ ಒಂದು ಕೇಳಿಕೆ. ಬೆಲ್ಟ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಬಿಚ್ಚಿದ ಹಳೆಯ ಬೆಲ್ಟನ್ನು ನಿಮ್ಮ ಕೈಗೆ ಕೊಡಲು ಹೇಳಿ. ಅದು ಒದ್ದೆಯಾಗಿದ್ದರೆ, ಎಲ್ಲಿಂದ ಒದ್ದೆಯಾಯಿತು ಎಂದು ಅವರು ತೋರಿಸುವವರೆಗೆ ಹೊಸದನ್ನು ಹಾಕಿಸಬೇಡಿ.